ಕೂಸಿಗೊಂದು ಯುಗಾದಿ ಬುಟ್ಟಿ

ನಮ್ಮ ಸೀಮೆಯಲ್ಲಿ ಯುಗಾದಿಗೆ ಉಡುಗೊರೆ ಕೊಡೋ ಪದ್ಧತಿ ಅಷ್ಟಾಗಿ ಇಲ್ಲ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಯುಗಾದಿ ಅಂದ್ರೆ ಬೇವು-ಬೆಲ್ಲ, ಪಂಚಾಂಗ ಓದೋದು, ಒಂದು ಹೋಳಿಗೆ ಊಟ, ಆಮೇಲೆ ಜಗಲಿ ಮೇಲೆ ಒಂದು ಗಡದ್ದಾದ ನಿದ್ದೆ. ಅಷ್ಟೇ. ಮಕ್ಕಳ ಕೈಗೆ ಕಾಸು ಬೀಳೋದು ಜಾತ್ರೆಗೆ. ಅದೂ ಸಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಜಾತ್ರೆ ಆಯಿತು, 2025ರ ಹೋಳಿಗೆ ಬೇಡರ ವೇಷ ಕುಣಿಯಿತು. ಬಿಡಕಿಬೈಲಿನಲ್ಲಿ ಬಳೆ ಅಂಗಡಿ ಇಲ್ಲದ ವರ್ಷ ಮಕ್ಕಳಿಗೆ ಬೇಡನ ಗೆಜ್ಜೆ ಸದ್ದೇ ಗತಿ.

ಈ ಹಬ್ಬಕ್ಕೆ ಬುಟ್ಟಿ ಕಟ್ಟಿ ಕೊಡೋ ಚಾಳಿ ಬಂದಿದ್ದು ಬೆಂಗಳೂರಿನ ಆಫೀಸುಗಳಿಂದ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಅದರ ಹೆಸರು 'ಗಿಫ್ಟ್ ಹ್ಯಾಂಪರ್'. ಒಳಗೆ ಏನಿರುತ್ತೆ ಗೊತ್ತಲ್ಲ? ಎಣಿಸಿ ಹತ್ತು ಬಾದಾಮಿ, ಒಂದು ಪರಿಮಳದ ಮೇಣದಬತ್ತಿ, ಕಂಪನಿ ಹೆಸರಿರೋ ಒಂದು ಲೋಟ, ಮತ್ತೆ ಇದೆಲ್ಲಕ್ಕಿಂತ ಹೆಚ್ಚು ತೂಗೋ ಬಣ್ಣದ ಕಾಗದದ ಚೂರು. ಯಾರಿಗೆ ಕೊಡ್ತಾ ಇದ್ದೀವಿ ಅಂತ ಒಂದು ಕ್ಷಣವೂ ಯೋಚಿಸದೆ ಸಾವಿರ ಜನಕ್ಕೆ ಒಂದೇ ಥರದ್ದು ಕೊಡಬಹುದು ಅನ್ನೋದೇ ಅದರ ಅನುಕೂಲ :-)

ಹಾಗಂತ ಪದ್ಧತಿಯೇ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಇದನ್ನ ನಮ್ಮೂರಿಗೆ ತರಬೇಕು, ಆದರೆ ಒಂದು ಗುಂಪಿಗೆ ಮಾತ್ರ, ಒಂದು ಸಮಯಕ್ಕೆ ಮಾತ್ರ ಅನ್ನೋದು ನನ್ನ ವಾದ. ಗುಂಪು: ಹತ್ತನೇ ತರಗತಿ ಪರೀಕ್ಷೆ ಬರೆದ ಮಕ್ಕಳು. ಸಮಯ: ಪರೀಕ್ಷೆ ಮುಗಿದ ದಿನದಿಂದ ರಿಸಲ್ಟ್ ಬರೋ ಹಿಂದಿನ ದಿನದವರೆಗೆ.

ಯಾಕೆ ಅಂತ ಹೇಳ್ತೀನಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಏಪ್ರಿಲ್ 6ಕ್ಕೆ ಮುಗಿಯಿತು, ಏಪ್ರಿಲ್ 9ಕ್ಕೆ ಯುಗಾದಿ, ಮೇ 9ಕ್ಕೆ ಫಲಿತಾಂಶ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ಪರೀಕ್ಷೆಯ ನಡುವೆಯೇ ಬಂತು. ಪಾಪ, ಮಕ್ಕಳು ಹೋಳಿಗೆ ತಿಂದು ವಿಜ್ಞಾನದ ಪುಸ್ತಕ ಹಿಡಿದು ಕೂತವು. ಏಪ್ರಿಲ್ 4ಕ್ಕೆ ಪರೀಕ್ಷೆ ಮುಗಿದು ಮೇ 2ಕ್ಕೆ ಫಲಿತಾಂಶ ಬಂತು. ಅಂದರೆ ಲೆಕ್ಕ ಹಾಕಿ, ಸುಮಾರು ಒಂದು ತಿಂಗಳು. ಈ ಒಂದು ತಿಂಗಳು ಆ ಮಗುವಿಗೆ ಪರ್ಸೆಂಟೇಜ್ ಅನ್ನೋದು ಇಲ್ಲ. ಹಿಂದಿನ ಒಂದು ವರ್ಷ ಪ್ರಿಪರೇಟರಿ, ಸ್ಪೆಷಲ್ ಕ್ಲಾಸು, ಯೂನಿಟ್ ಟೆಸ್ಟು ಅಂತ ಅಂಕೆಯೇ ಅದರ ಹೆಸರಾಗಿತ್ತು. ಮುಂದೆ ರಿಸಲ್ಟ್ ಬಂದ ಮೇಲೆ ಮತ್ತೆ ಅಂಕೆಯೇ. ನಡುವೆ ಈ ತಿಂಗಳು ಮಾತ್ರ ಅದು ಬರೀ ಒಬ್ಬ ಹುಡುಗಿ ಅಥವಾ ಒಬ್ಬ ಹುಡುಗ. ಇಂಥ ಇನ್ನೊಂದು ತಿಂಗಳು ಜೀವನದಲ್ಲಿ ಮತ್ತೆ ಸಿಗೋದು ಕಷ್ಟ. ಕೆಲಸಕ್ಕೆ ಸೇರಿದ ಮೇಲೂ ಅಪ್ರೈಸಲ್ ಅಂತ ಒಂದು ಇದ್ದೇ ಇರುತ್ತಲ್ಲ!

ಆದರೆ ನಮ್ಮ ಕಡೆಯ ಬಳಗ ಈ ತಿಂಗಳಲ್ಲಿ ಏನು ಮಾಡುತ್ತೆ? ಯಾವ ಮನೆಯ ಪೂಜೆ-ಉಪನಯನಕ್ಕೆ ಹೋದರೂ ಎಲೆ ಮುಂದೆ ಕೂತ ಮಗುವಿಗೆ ಒಂದೇ ಪ್ರಶ್ನೆ. "ಎಷ್ಟು ಪರ್ಸೆಂಟ್ ಬಕ್ಕು ಕೂಸೆ?" ಅದಕ್ಕೆ ಉತ್ತರ ಬರೋದರೊಳಗೆ ಇನ್ನೊಂದು. "ಮುಂದೆ ಎಲ್ಲಿಗೆ? ಮೂಡಬಿದಿರೆಗಾ, ಧಾರವಾಡಕ್ಕಾ?" ನಮ್ಮ ಮೂರು ತಾಲ್ಲೂಕಿಗೂ ಸೇರಿದ ಸಿರಸಿ ಶೈಕ್ಷಣಿಕ ಜಿಲ್ಲೆ ಈ ಸಲ ರಾಜ್ಯಕ್ಕೆ ಎಷ್ಟನೇದು ಅಂತ ಚರ್ಚೆ ಮಾಡೋವಾಗ ಇರೋ ಉತ್ಸಾಹ, ಆ ಮಗು ಈ ರಜೆಯಲ್ಲಿ ಏನು ಮಾಡ್ತಾ ಇದೆ ಅಂತ ಕೇಳೋದರಲ್ಲಿ ಇಲ್ಲ.

ಇನ್ನೊಂದು ವಿಷಯ. ನಮ್ಮ ಹಳ್ಳಿಗಳಲ್ಲಿ ಈ ರಜೆ ಬಹಳಷ್ಟು ಮಕ್ಕಳಿಗೆ ಮನೆಯಲ್ಲಿ ಇರೋ ಕೊನೆಯ ಪೂರ್ತಿ ರಜೆ. ಜೂನ್ ಬಂತು ಅಂದರೆ ಟ್ರಂಕು ಹೊತ್ತು ಹಾಸ್ಟೆಲ್. ಆಮೇಲೆ ಇಂಜಿನಿಯರಿಂಗು, ಆಮೇಲೆ ಬೆಂಗಳೂರು. ನಂತರ ಊರಿಗೆ ಬರೋದು ನೆಂಟರ ಹಾಗೆ, ಶುಕ್ರವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ರಾತ್ರಿ ಬಸ್ಸು ಹತ್ತೋದು. ನಾನೂ ಅದೇ ದಾರಿಯಲ್ಲಿ ಹೋದವನು, ಆದ್ದರಿಂದ ಬೇರೆಯವರಿಗೆ ಹೋಗಬೇಡಿ ಅನ್ನೋ ಹಕ್ಕು ನನಗಿಲ್ಲ. ಆದರೆ ಹೋಗೋದಕ್ಕೆ ಮುಂಚೆ ಇರೋ ಈ ನಾಲ್ಕು ವಾರವನ್ನಾದರೂ ಕ್ರ್ಯಾಶ್ ಕೋರ್ಸಿಗೆ ಕೊಟ್ಟುಬಿಡಬೇಡಿ ಅಂತ ಹೇಳಬಲ್ಲೆ.

ಈಗ ಬುಟ್ಟಿಯ ವಿಷಯಕ್ಕೆ ಬರೋಣ. ಸಿದ್ದಾಪುರದ ಕಡೆ ಇರೋ ನನ್ನ ದೊಡ್ಡಪ್ಪನ ಮಗಳು, ಅಂದರೆ ಅಕ್ಕನ, ಮಗಳಿಗೆ ಅಂತ ಈ ಸಲ ಒಂದು ಬುಟ್ಟಿ ಜೋಡಿಸಿದೆ. ಏನೇನು ಹಾಕಿದೆ, ಏನು ಹಾಕಲಿಲ್ಲ, ಯಾಕೆ ಅಂತ ಬರೀತೀನಿ. ಖರ್ಚು 1500 ರೂಪಾಯಿ ದಾಟಬಾರದು ಅಂತ ಮೊದಲೇ ಗೆರೆ ಹಾಕಿಕೊಂಡಿದ್ದೆ. ಗೆರೆ ಇಲ್ಲದಿದ್ದರೆ ಬೆಂಗಳೂರಿನ ಸಂಬಳದವರು ದುಡ್ಡಿನಲ್ಲೇ ಪ್ರೀತಿ ತೋರಿಸಿಬಿಡ್ತೀವಿ, ತಲೆ ಓಡಿಸೋದಿಲ್ಲ.

ಮೊದಲು, ಹಾಕಬಾರದ್ದು.

ಊರಿನ ತಿಂಡಿ ಹಾಕಬಾರದು. ಇದು ಕೇಳೋಕೆ ವಿಚಿತ್ರ ಅನ್ನಿಸಬಹುದು. ಈಗ ಬೆಂಗಳೂರಿನಲ್ಲಿ 'ಮಲೆನಾಡಿನ ಸವಿ' ಅಂತ ಡಬ್ಬಿಗಳು ಸಿಗುತ್ತವೆ. ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಶರಬತ್ತು, ತೊಡೆದೇವು. ನನ್ನ ಗೆಳೆಯನೊಬ್ಬ ಇದನ್ನೇ ಚಂದದ ಪೆಟ್ಟಿಗೆಯಲ್ಲಿ ಕಟ್ಟಿಸಿ ಯಲ್ಲಾಪುರದ ಹತ್ತಿರದ ತನ್ನ ಚಿಕ್ಕಪ್ಪನ ಮಗಳಿಗೆ ಒಯ್ದು ಕೊಟ್ಟ. ಅವಳು ಪೆಟ್ಟಿಗೆ ಬಿಚ್ಚಿ ನೋಡಿ, "ಅಣ್ಣಾ, ಇದೆಲ್ಲಾ ನಮ್ಮನೆ ಅಟ್ಟದ ಮೇಲೇ ಇದ್ದಲ, ಬೆಂಗ್ಳೂರಿಂದ ವಾಪಸ್ ತಂದ್ಯ?" ಅಂದಳಂತೆ. ಅಪ್ಪೆಮಿಡಿಗೆ 2009ರಲ್ಲಿ, ಸಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ, ಅದು ಸಂತೋಷದ ವಿಷಯವೇ. ಆದರೆ ಆ ಮಿಡಿಯನ್ನು ಹೊಳೆಬದಿಯ ಮರದಿಂದ ಇಳಿಸೋವಾಗ ಕೆಳಗೆ ನಿಂತು ಬಲೆ ಹಿಡಿಯೋ ಹುಡುಗಿಗೆ ಅದನ್ನೇ ರಿಬ್ಬನ್ ಕಟ್ಟಿ ಕೊಟ್ಟರೆ ಹೇಗೆ? ಊರಿನ ರುಚಿ ಬೇಕಾಗಿರೋದು ಊರು ಬಿಟ್ಟ ನಮಗೆ. ಆ ಬುಟ್ಟಿ ಅವಳಿಂದ ನಮಗೆ ಬರಬೇಕಾದ್ದು.

ಮೊಬೈಲ್ ಹಾಕಬಾರದು. ಮೊಬೈಲ್ ಕೆಟ್ಟದ್ದು ಅಂತ ಅಲ್ಲ. 2020-21ರ ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳಿಗೆ ಅದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಹೇಗೂ ಹಾಸ್ಟೆಲ್ಲಿಗೆ ಹೋಗೋ ಮುಂಚೆ ಅಪ್ಪ-ಅಮ್ಮ ಕೊಡಿಸ್ತಾರೆ, ಕೊಡಿಸಬೇಕೋ ಬೇಡವೋ ಅನ್ನೋದು ಅವರ ತೀರ್ಮಾನ. ನಡುವೆ ಮಾವನೋ ಚಿಕ್ಕಪ್ಪನೋ ತಂದು ಕೊಟ್ಟು ದೊಡ್ಡವನಾಗೋದು ಬೇಡ. ಮತ್ತೆ ಮೊಬೈಲ್ ಹಾಕಿದ ಬುಟ್ಟಿಯಲ್ಲಿ ಬೇರೆ ಏನು ಹಾಕಿದರೂ ಯಾರ ಕಣ್ಣಿಗೂ ಬೀಳೋದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, 'ಯಶಸ್ಸಿನ ಹತ್ತು ಸೂತ್ರ' ಥರದ್ದು, ಗೋಡೆಗೆ ಅಂಟಿಸೋ ಸುವಾಕ್ಯ... ಇವು ಯಾವುದೂ ಬೇಡ. ಅದು ಉಡುಗೊರೆಯ ವೇಷ ಹಾಕಿದ ಹೋಮ್‌ವರ್ಕು.

ಇನ್ನು ಹಾಕಿದ್ದು.

1. ಬುಟ್ಟಿ. ಬುಟ್ಟಿ ಅಂದ ಮೇಲೆ ಬುಟ್ಟಿಯೇ ಆಗಬೇಕು, ರಟ್ಟಿನ ಡಬ್ಬಿ ಅಲ್ಲ. ಸಂತೆಯಲ್ಲಿ ಮೇದಾರರು ಕೂತು ಮಾರೋ ಬಿದಿರಿನ ಬುಟ್ಟಿ, ಮುಚ್ಚಳ ಇರೋದು ಸಿಕ್ಕರೆ ಇನ್ನೂ ಒಳ್ಳೇದು. ಬಿದಿರು ಸಸ್ಯಶಾಸ್ತ್ರದ ಪ್ರಕಾರ ಹುಲ್ಲು. ಆದರೆ ಬಹಳ ವರ್ಷ ಕಾನೂನಿನ ಕಣ್ಣಿಗೆ ಅದು ಮರ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದಿದ್ದು 2017ರ ಕೊನೆಗೆ ಬಂದ ಅರಣ್ಯ ಕಾಯ್ದೆ ತಿದ್ದುಪಡಿ. ಅದಾದ ಮೇಲೂ ಸಂತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯ ರಾಶಿ ಪಕ್ಕದಲ್ಲೇ ಕೂತು ಇವರು ಸ್ಪರ್ಧೆ ಮಾಡಬೇಕು. ಒಂದು ಬುಟ್ಟಿ ಕೊಂಡರೆ ಕುಲಕಸುಬು ಉದ್ಧಾರ ಆಗೋದಿಲ್ಲ, ಗೊತ್ತು. ಚೌಕಾಸಿ ಮಾಡದೆ ಕೊಂಡರೆ ಆ ದಿನದ ವ್ಯಾಪಾರವಾದರೂ ಆಗುತ್ತೆ.

ಬುಟ್ಟಿಗೆ ಎಷ್ಟು ಮರ್ಯಾದೆ ಕೊಡಬಹುದು ಅನ್ನೋದನ್ನ ನಮ್ಮ ಸೀಮೆಯ ದೀವರನ್ನು ನೋಡಿ ಕಲೀಬೇಕು. ಭೂಮಿ ಹುಣ್ಣಿಮೆಗೆ ಅವರ ಮನೆಯ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೀತಾರೆ. ಭೂಮಣ್ಣಿ ಬುಟ್ಟಿ ಅಂತ ಅದಕ್ಕೆ ಹೆಸರು. ಬಸುರಿ ಭೂಮಿತಾಯಿಗೆ ಬಯಕೆ ಊಟ ಅದರಲ್ಲಿ ಗದ್ದೆಗೆ ಹೋಗುತ್ತೆ. ಯಾರಿಗೆ ಕೊಡ್ತಾ ಇದ್ದೀವಿ, ಅವಳ ಬಯಕೆ ಏನು ಅಂತ ಯೋಚಿಸಿ ತುಂಬಿಸಿದ ಬುಟ್ಟಿ ಅದು. ಹ್ಯಾಂಪರ್ ಮಾರೋರಿಗೆ ಇದನ್ನ ಯಾರಾದರೂ ಹೇಳಬೇಕು.

2. ಒಂದು ಪುಸ್ತಕ. ಒಂದೇ. ಅಕ್ಕನ ಮಗಳಿಗೆ ನಾನು ಆರಿಸಿದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, ಆದರೆ ಅದಕ್ಕಾಗಿ ಅಲ್ಲ. ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗ-ಹುಡುಗಿಯರ ಗುಂಪು ಕಟ್ಟಿಕೊಂಡು ಕಾಡು ಸುತ್ತೋದು, ಗಿಡದ ಜೊತೆ ತಮಾಷೆ, ಪಾಠ ಅಂತ ಗೊತ್ತೇ ಆಗದ ಹಾಗೆ ಪಾಠ. ಅವಳ ಮನೆ ಹಿಂದೆಯೇ ಸೊಪ್ಪಿನಬೆಟ್ಟ ಇದೆ, ಪುಸ್ತಕದ ಅರ್ಧ ಪಾತ್ರವರ್ಗ ಅಲ್ಲೇ ಸಿಗುತ್ತೆ. ಗಿಡ-ಮರ ಇಷ್ಟ ಇಲ್ಲದ ಮಗು ಆಗಿದ್ದರೆ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಕೊಡ್ತಿದ್ದೆ. ಎಚ್.ಎ.ಎಲ್.ನಲ್ಲಿ ಇಂಜಿನಿಯರ್ ಆಗಿದ್ದುಕೊಂಡೇ ಅಷ್ಟು ದೂರ ಸುತ್ತಿ, ಅದನ್ನ ಕನ್ನಡದಲ್ಲಿ ಬರೆದ ಹೆಂಗಸೊಬ್ಬರು ಇದ್ದಾರೆ ಅಂತ ನಮ್ಮ ಕೂಸುಗಳಿಗೆ ಗೊತ್ತಾಗಬೇಕು. ಇಂಜಿನಿಯರಿಂಗ್ ಓದಿದರೆ ಬೇರೆ ಎಲ್ಲಾ ಬಿಡಬೇಕು ಅಂತ ಯಾರೂ ಕಾನೂನು ಮಾಡಿಲ್ಲ.

3. ಒಂದು ಕೈಮಸೂರ. ಸಣ್ಣ ಮಡಚೋ ಭೂತಗನ್ನಡಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋದು. ಬಹಳ ದುಬಾರಿಯಲ್ಲ. ಇದರಲ್ಲಿ ಜರಿಗಿಡದ ಎಲೆ ಹಿಂಭಾಗ ನೋಡಿದ್ದೀರಾ? ನೋಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ನೀರಲ್ಲಿ ನಿಂತ ರಾಮಪತ್ರೆ ಜಾತಿಯ ಮರಗಳು, ಕೆಸರಿನಿಂದ ಮೇಲೆ ಎದ್ದು ಮಂಡಿ ಮಡಚಿದ ಹಾಗೆ ಕಾಣೋ ಬೇರುಗಳು, ಇವನ್ನ ನೋಡೋಕೆ ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಬರ್ತಾರೆ. ಅಲ್ಲೇ ಹುಟ್ಟಿದ ಮಕ್ಕಳ ಕೈಯಲ್ಲಿ ಒಂದು ಮಸೂರ ಇಲ್ಲ, ಜೀವಶಾಸ್ತ್ರದ ಗೈಡ್ ಮಾತ್ರ ಇದೆ. ನಿಮ್ಮ ಮನೆ ಮಗುವಿಗೆ ಮಸೂರ ಬೇಡ ಅಂದರೆ ಬಣ್ಣದ ಪೆಟ್ಟಿಗೆ ಆಗಬಹುದು, ಕೊಳಲು ಆಗಬಹುದು, ಒಳ್ಳೆ ಸ್ಕ್ರೂಡ್ರೈವರ್ ಸೆಟ್ ಆಗಬಹುದು. ಕೈಗೆ ಕೆಲಸ ಕೊಡೋದು ಒಂದು ಇರಲಿ. ಯಾವುದು ಅಂತ ಗೊತ್ತಾಗಬೇಕಾದರೆ ಮಗುವಿನ ಹತ್ತಿರ ಒಂದು ಸಂಜೆ ಮಾತಾಡಬೇಕಾಗುತ್ತೆ. ಬುಟ್ಟಿಯ ಅಸಲು ಖರ್ಚು ಅದೇ.

4. ತಿನ್ನೋದು. ಮನೆಯಲ್ಲಿ ಮಾಡದ್ದು, ಅಜ್ಜಿಗೆ ಹೆಸರು ಹೇಳೋಕೆ ಬಾರದ್ದು. ಏನು ಬೇಕು ಅಂತ ಕೇಳಿದ್ದಕ್ಕೆ ಬಂದ ಉತ್ತರ: ಕೊರಿಯನ್ ನೂಡಲ್ಸ್. ಬಾಯಿ ಸುಡೋ ಖಾರದ್ದು. ಅಪ್ಪೆಹುಳಿ ಕುಡಿದು ಬೆಳೆದ ನಾಲಿಗೆಗೆ ಇದು ಬೇಕಾ ಅಂತ ಭಾಷಣ ಶುರು ಮಾಡೋ ಆಸೆ ಎಲ್ಲರಿಗೂ ಆಗುತ್ತೆ, ಸುಮ್ಮನಿರಬೇಕು. ಹದಿನೈದರ ವಯಸ್ಸಿಗೆ ದೂರದ್ದು ರುಚಿ. ಹತ್ತಿರದ್ದು ರುಚಿ ಅಂತ ಗೊತ್ತಾಗೋಕೆ ಹಾಸ್ಟೆಲ್ ಸಾಂಬಾರು ಇದೆಯಲ್ಲ. ಎರಡು ಪೊಟ್ಟಣ ಹಾಕಿದೆ, ಸಸ್ಯಾಹಾರದ ಹಸಿರು ಗುರುತು ನೋಡಿ. ಅಷ್ಟು ಜವಾಬ್ದಾರಿ ನನ್ನದು :-)

5. ಒಂದು ಸಣ್ಣ ತಗಡಿನ ಪೆಟ್ಟಿಗೆ, ಅದಕ್ಕೊಂದು ಬೀಗ, ಎರಡೂ ಕೀಲಿಕೈ. ಇದಕ್ಕೆ ಮಾತ್ರ ಆಕ್ಷೇಪಣೆ ಬಂತು. ಅಕ್ಕ ಫೋನಿನಲ್ಲಿ, "ಕೂಸಿಗೆ ಬೀಗ ಎಂತಕೆ ಮಾರಾಯ? ಮನೇಲಿ ಕಳ್ರು ಇದ್ವ?" ಅಂದಳು. ನಮ್ಮ ದೊಡ್ಡ ದೊಡ್ಡ ಮನೆಗಳಲ್ಲಿ ಅಡಿಕೆಗೆ ಅಟ್ಟ ಇದೆ, ದೇವರಿಗೆ ಕೋಣೆ ಇದೆ, ಉಪ್ಪಿನಕಾಯಿ ಭರಣಿಗೆ ಕತ್ತಲೆ ಕೋಣೆ ಇದೆ. ಹದಿನೈದರ ಹುಡುಗಿಗೆ ಮಾತ್ರ ಒಂದು ಗೂಟ, ಒಂದು ಕಪಾಟಿನ ಅರ್ಧ ಖಾನೆ. ಅದನ್ನೂ ತಮ್ಮ ಕೆದಕುತ್ತಾನೆ. ಅವಳು ಡೈರಿ ಬರೆದರೆ ಯಾರಾದರೂ ಓದಿ ಊಟದ ಹೊತ್ತಿಗೆ ತಮಾಷೆ ಮಾಡ್ತಾರೆ. ತನ್ನದು ಅನ್ನೋ ಒಂದಡಿ ಜಾಗ ಇಲ್ಲದೆ ಬೆಳೆದ ಮಗುವನ್ನ ಹದಿನಾರಕ್ಕೆ ಎಂಟು ಜನರ ಹಾಸ್ಟೆಲ್ ರೂಮಿಗೆ ಹಾಕ್ತೀವಿ. 'ಇದು ನನ್ನದು, ಮುಟ್ಟಬೇಡಿ' ಅನ್ನೋದನ್ನ ಅಲ್ಲಿ ಹೇಳಬೇಕಾದರೆ ಮೊದಲು ಮನೆಯಲ್ಲಿ ಹೇಳಿ ಅಭ್ಯಾಸ ಇರಬೇಕು. ಅದನ್ನೇ ಅಕ್ಕನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಒಂದು ತಂದ್ಕೊಡು ಹಂಗಾರೆ" ಅಂದಳು. ನಕ್ಕಳು, ಆದರೆ ಅದು ಪೂರ್ತಿ ನಗು ಅಂತ ನನಗೆ ಅನ್ನಿಸಲಿಲ್ಲ.

6. ಒಂದು ದಿನದ ತಿರುಗಾಟ. ಒಂದು ಲಕೋಟೆಯಲ್ಲಿ ಚಿಲ್ಲರೆ ನೋಟಿನಲ್ಲಿ 300 ರೂಪಾಯಿ, ಜೊತೆಗೆ ಒಂದು ಚೀಟಿ: ಗೆಳತಿ ಒಬ್ಬಳ ಜೊತೆ ಎಲ್ಲಿಗಾದರೂ ಹೋಗಿ ಸಂಜೆಯೊಳಗೆ ಬರೋದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸಿದ್ದಾಪುರದಿಂದ ಜೋಗ ಹತ್ತಿರ, ಸಿರಸಿ ಹತ್ತಿರ, ಸಿರಸಿಯಿಂದ ಮುಂದೆ ಬನವಾಸಿ. ಕದಂಬರ ರಾಜಧಾನಿಯ ಬಗ್ಗೆ ನಾಲ್ಕು ಮಾರ್ಕಿನ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿದ ಹುಡುಗಿ ಮಧುಕೇಶ್ವರ ದೇವಸ್ಥಾನದ ಕಂಬಕ್ಕೆ ಒರಗಿ ಒಂದು ಗಂಟೆ ಕೂತರೆ ಏನು ನಷ್ಟ? ಬಸ್ಸು ಪುಕ್ಕಟೆ ಆಗಿದೆ, ಮನೆಯಿಂದ ಹೊರಗೆ ಬಿಡೋ ಮನಸ್ಸು ಮಾತ್ರ ಇನ್ನೂ ತುಟ್ಟಿಯೇ.

ಆರಾಯಿತು. ಮೇಲೆ ಒಂದು ಕರವಸ್ತ್ರ ಮುಚ್ಚಿದೆ. ಅದರ ನಾಲ್ಕು ಮೂಲೆಗೆ ಬಟ್ಟೆಯ ತುಂಡು ಹೊಲಿದಿದ್ದೆ. ಅದಕ್ಕೂ ಒಂದು ಕಾರಣ ಇದೆ. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿ ಚೂರುಗಳಿಂದ ಕೌದಿ ಹೊಲೀತಾರೆ. ಕೊನೆಗೆ ಮೂಲೆಗೆ ತ್ರಿಕೋನದ ಹಾಗೆ ಮಡಚಿದ ಬಟ್ಟೆ ಹೊಲೀತಾರೆ, ಫುಲಾ ಅಂತಾರೆ, ಅಂದರೆ ಹೂವು. ಅದರಿಂದ ಚಳಿ ಕಮ್ಮಿ ಆಗೋದಿಲ್ಲ. ಆದರೆ ಅದಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿದ ಹಾಗಲ್ಲ. ನನ್ನ ಹೊಲಿಗೆ ಬಹಳ ಕೆಟ್ಟದಾಗಿದೆ, ಕೋಡ್ ಬರೆಯೋ ಕೈ ಅಲ್ಲವೇ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ಇದೆಲ್ಲ ತೋಟದ ಮನೆಯವರ ಸಡಗರ ಆಗಿಬಿಡುತ್ತೆ.

ಅಕ್ಕನ ಮನೆಯ ತೋಟಕ್ಕೆ ಕೆಲಸಕ್ಕೆ ಬರೋ ಒಬ್ಬರ ಮಗನೂ ಈ ಸಲ ಹತ್ತನೇ ಪರೀಕ್ಷೆ ಬರೆದಿದ್ದಾನೆ. ಅದೇ ಶಾಲೆ, ಅದೇ ಬೆಂಚು, ಅದೇ ಪ್ರಶ್ನೆಪತ್ರಿಕೆ. ವ್ಯತ್ಯಾಸ ಇಷ್ಟೇ: ಕೂಸಿಗೆ ಎಲ್ಲರೂ 'ಎಷ್ಟು ಬಕ್ಕು' ಅಂತ ಕೇಳಿ ತಲೆ ತಿಂತಾರೆ, ಅವನನ್ನ ಯಾರೂ ಏನೂ ಕೇಳೋದಿಲ್ಲ. ಪರೀಕ್ಷೆ ಮುಗಿದ ಮಾರನೇ ದಿನ ಅವನು ಅಪ್ಪನ ಜೊತೆ ಕೆಲಸಕ್ಕೆ ಬಂದಿದ್ದ. ನಾಳೆ ಪಾಸಾದರೂ ಪಿಯುಸಿಗೆ ಹೋಗ್ತಾನೋ, ಸಂಬಳಕ್ಕೆ ನಿಲ್ತಾನೋ ಅನ್ನೋದು ಈ ತಿಂಗಳಲ್ಲೇ ತೀರ್ಮಾನ ಆಗೋದು, ಸದ್ದಿಲ್ಲದೆ. ಇಂಥ ಮಕ್ಕಳಿಗೆ ನಮ್ಮ ಕಡೆ ಕೊಡೋ ಪದ್ಧತಿ ಏನು? ಹಳೇ ಅಂಗಿ, ಮಗಳು ಓದಿ ಮುಗಿಸಿದ ಗೈಡು, ಹಬ್ಬದಲ್ಲಿ ಉಳಿದ ಹೋಳಿಗೆ.

ಹಾಗಾಗಿ ಬುಟ್ಟಿ ಎರಡು ಆಗಬೇಕು. ಎರಡರಲ್ಲೂ ಹೊಸ ಸಾಮಾನು, ಎರಡಕ್ಕೂ ಅದೇ 1500ರ ಗೆರೆ. ಅವನ ಹತ್ತಿರವೂ ಒಂದು ಸಂಜೆ ಕೂತು ಮಾತಾಡಿದೆ. ಮೊದಲು ನೆಲ ನೋಡಿದ, ಆಮೇಲೆ ಪಂಪ್‌ಸೆಟ್ ಮೋಟರು ಬಿಚ್ಚಿ ಜೋಡಿಸೋದು ಹೇಗೆ ಅಂತ ಅರ್ಧ ಗಂಟೆ ನನಗೇ ಪಾಠ ಮಾಡಿದ. ಇಂಜಿನಿಯರಿಂಗ್ ಡಿಗ್ರಿ ಇರೋ ನನಗೆ ಅದರಲ್ಲಿ ಕಾಲುಭಾಗವೂ ಗೊತ್ತಿರಲಿಲ್ಲ. ಅವನ ಬುಟ್ಟಿಗೆ ಮಸೂರದ ಬದಲು ಮಲ್ಟಿಮೀಟರ್ ಹೋಯಿತು. ಬಸ್ಸು ಅವನಿಗೆ ಪುಕ್ಕಟೆ ಅಲ್ಲ, ಆದ್ದರಿಂದ ಲಕೋಟೆಗೆ 200 ಜಾಸ್ತಿ, ಪುಸ್ತಕ ಸ್ವಲ್ಪ ತೆಳ್ಳಗಿನದ್ದು. ಜೊತೆಗೆ ಸಿರಸಿಯ ಸರ್ಕಾರಿ ಕಾಲೇಜು, ಐಟಿಐ ಎರಡಕ್ಕೂ ಹೋಗಿ ಅರ್ಜಿ ಯಾವಾಗ ಕೊಡ್ತಾರೆ ವಿಚಾರಿಸಿ ಬಾ ಅಂತ ಹೇಳಿದೆ. ಅದು ಹೋಮ್‌ವರ್ಕ್ ಅಲ್ಲವಾ ಅಂತ ನೀವು ಕೇಳಬಹುದು. ಹೌದು, ಹೋಮ್‌ವರ್ಕೇ. ನಾಲ್ಕು ಕಡೆಯಿಂದ ದಾರಿ ತೋರಿಸೋ ನೆಂಟರಿರೋ ಮಗುವಿಗೆ ನಮ್ಮ ಉಪದೇಶ ಬೇಡ. ಒಬ್ಬರೂ ಇಲ್ಲದ ಮಗುವಿಗೆ ಅರ್ಜಿಯ ಕೊನೆ ದಿನಾಂಕ ಹೇಳೋದೂ ಉಡುಗೊರೆಯೇ.

ಬುಟ್ಟಿ ಕೊಟ್ಟರೆ ಮಕ್ಕಳು ಊರಲ್ಲೇ ಉಳೀತಾರಾ, ಹೋದವರು ವಾಪಸ್ ಬರ್ತಾರಾ? ಆ ಲೆಕ್ಕ ಇಟ್ಟುಕೊಂಡು ಕೊಡೋದಾದರೆ ಕೊಡಲೇಬೇಡಿ. ನಮ್ಮ ಕಡೆ ಇಬ್ಬರೇ ಮುದುಕರು ಇರೋ ಮನೆಗಳು ಹೆಚ್ಚಾಗಿರೋದಕ್ಕೆ ಕಾರಣ ಬೇರೆ ಇದೆ, ಅದನ್ನ ಹದಿನೈದರ ಹುಡುಗಿಯ ತಲೆ ಮೇಲೆ ಹೊರಿಸೋದು ತಪ್ಪು. ಹೋಗೋದಾದರೆ ಹೋಗಲಿ. ತನ್ನನ್ನ ಅಂಕೆ ಇಲ್ಲದೆ ನೋಡಿದವರು ಊರಲ್ಲಿ ಒಂದಿಬ್ಬರು ಇದ್ದರು ಅನ್ನೋದು ಜೊತೆಗೆ ಹೋಗಲಿ, ಸಾಕು.

ಕೊನೆಗೆ ಒಂದೇ ಸೂಚನೆ. ಕೊಡೋದಾದರೆ ಪರೀಕ್ಷೆ ಮುಗಿದ ವಾರದೊಳಗೆ ಕೊಟ್ಟುಬಿಡಿ. ರಿಸಲ್ಟ್ ಬಂದ ಮೇಲೆ ಕೊಟ್ಟರೆ ಅದು ಬಹುಮಾನ ಆಗುತ್ತೆ, ಇಲ್ಲವೇ ಸಮಾಧಾನ ಆಗುತ್ತೆ. ಎರಡೂ ಆಗಬಾರದು. ಈಗಾಗಲೇ ಏಪ್ರಿಲ್ ಬಂದಿದ್ದರೆ ಬಸ್ಸಿನ ಟಿಕೆಟ್ ನೋಡಿ. ಶುಕ್ರವಾರದ ಸೀಟು ಬೇಗ ಖಾಲಿ ಆಗುತ್ತೆ.